ಡೊಮೇನ್ ಪಾಯಿಂಟ್ ಮಾಡುವುದು: ಸುಮ್ನೆ ಕಾಯಬೇಡಿ, ಕೇಳಿ ನೋಡಿ

ನನ್ನ ಮೊದಲ ವೆಬ್‌ಸೈಟ್‌ಗೆ ಡೊಮೇನ್, ಅಂದರೆ ತಾಣದ ಹೆಸರು, ಜೋಡಿಸಿದಾಗ ಒಂದು ವಿಚಿತ್ರ ನಡೆಯಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ನನ್ನ ಪುಟ ಚೆನ್ನಾಗಿಯೇ ತೆರೆಯುತ್ತಿತ್ತು. ಅದೇ ಹೆಸರನ್ನು ಮೊಬೈಲ್‌ನಲ್ಲಿ ಹೊಡೆದರೆ ‘ಈ ತಾಣ ಸದ್ಯದಲ್ಲೇ ಬರಲಿದೆ’ ಎನ್ನುವ ಯಾರದೋ ಜಾಹೀರಾತು ಪುಟ. ಗೆಳೆಯರನ್ನು ಕೇಳಿದೆ. ಎಲ್ಲರದ್ದೂ ಒಂದೇ ಮಾತು: ‘48 ಗಂಟೆ ಕಾಯಿ, ಪ್ರೊಪಗೇಟ್ ಆಗಬೇಕು, ಎಲ್ಲ ಕಡೆ ಹರಡಬೇಕು.’ ಕಾದೆ. ಮೂರು ದಿನ ಕಳೆಯಿತು. ಲ್ಯಾಪ್‌ಟಾಪ್‌ನಲ್ಲಿ ನನ್ನ ಪುಟ, ಮೊಬೈಲ್‌ನಲ್ಲಿ ಅದೇ ಜಾಹೀರಾತು.

ನಾಲ್ಕನೇ ದಿನ ಕಾರಣ ಸಿಕ್ಕಿತು. ಡೊಮೇನ್ ಕೊಂಡ ಗಳಿಗೆಯಲ್ಲೇ ಪ್ಯಾನೆಲ್‌ಗೆ, ಅಂದರೆ ಡೊಮೇನ್ ಮಾರಿದವರ ಸೆಟ್ಟಿಂಗ್ ಪುಟಕ್ಕೆ, ತಾನಾಗಿ ಸೇರಿಕೊಂಡಿದ್ದ ಒಂದು ಎಎಎಎ ರೆಕಾರ್ಡ್ ಹಾಗೇ ಕೂತಿತ್ತು. ಹೆಸರನ್ನು ಐಪಿವಿ6 ವಿಳಾಸಕ್ಕೆ ಕಟ್ಟುವ ಸಾಲು ಅದು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ4, ಅಂದರೆ ಹಳೆ ಬಗೆಯ ಇಂಟರ್ನೆಟ್ ವಿಳಾಸ ಮಾತ್ರ ಇತ್ತು, ಹಾಗಾಗಿ ಲ್ಯಾಪ್‌ಟಾಪ್ ನಾನು ಬರೆದ ವಿಳಾಸಕ್ಕೆ ಹೋಗುತ್ತಿತ್ತು. ಮೊಬೈಲ್‌ನಲ್ಲಿ ಹೊಸ ಬಗೆಯ ಐಪಿವಿ6 ಇತ್ತು, ಅದು ಆ ಹಳೆ ರೆಕಾರ್ಡ್ ಹಿಡಿದು ಬೇರೆ ಮನೆಗೆ ಹೋಗುತ್ತಿತ್ತು. ಮೂರು ವರ್ಷ ಕಾದಿದ್ದರೂ ಅದು ಸರಿಹೋಗುತ್ತಿರಲಿಲ್ಲ. ರೆಕಾರ್ಡ್ ಅಳಿಸಿದೆ, ಚಹಾ ಕುಡಿದು ಬರುವಷ್ಟರಲ್ಲಿ ಮೊಬೈಲ್‌ನಲ್ಲೂ ನನ್ನ ಪುಟ ಬಂತು.

ಅಂದಿನಿಂದ ನಾನು ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಯ ವಿಷಯದಲ್ಲಿ ಕಾಯುವುದನ್ನು ಬಿಟ್ಟು ಕೇಳುವುದನ್ನು ಶುರು ಮಾಡಿದೆ. ಯಾವ ಸರ್ವರ್ ಏನು ಉತ್ತರ ಕೊಡುತ್ತಿದೆ ಎಂದು ನೇರವಾಗಿ ಅದನ್ನೇ ಕೇಳಬಹುದು. ಅದಕ್ಕೆ ಒಂದು ಸಾಲಿನ ಕಮಾಂಡ್ ಸಾಕು. ಈ ಲೇಖನ ಹೆಜ್ಜೆ ಹೆಜ್ಜೆಯಾಗಿ ಅದನ್ನೇ ಹೇಳುತ್ತದೆ.

ಒಂದು ಮಾತು ಮೊದಲೇ: ಹೆಸರುಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ‘ಉದಾಹರಣೆ.ಇನ್’ ಇರುವಲ್ಲಿ ನಿಮ್ಮ ಡೊಮೇನ್, 203.0.113.25 ಇರುವಲ್ಲಿ ನಿಮ್ಮ ಸರ್ವರ್‌ನ ಐಪಿ, ಅಂದರೆ ಅಂಕಿಗಳ ವಿಳಾಸ. 203.0.113 ಎಂದು ಶುರುವಾಗುವ ವಿಳಾಸಗಳನ್ನು ಇಂಥ ಬರಹಗಳಲ್ಲಿ ಬಳಸುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ಅವು ಯಾರ ಸರ್ವರ್‌ಗೂ ಸೇರಿದ್ದಲ್ಲ.

ಪ್ರಶ್ನೆ ಯಾವ ದಾರಿಯಲ್ಲಿ ಹೋಗುತ್ತದೆ

ಗೊತ್ತಿಲ್ಲದ ಊರಿನಲ್ಲಿ ಒಂದು ಮನೆ ಹುಡುಕುವುದನ್ನು ನೆನೆಸಿಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ‘ಮನೆ ಗೊತ್ತಿಲ್ಲ, ಆ ಕೇರಿ ಈ ಕಡೆ’ ಎನ್ನುತ್ತಾರೆ. ಕೇರಿಗೆ ಹೋದರೆ ಅಂಗಡಿಯವರು ‘ಅವರ ಮನೆಯವರನ್ನು ಬಲ್ಲವರು ಆ ಮೂಲೆಯಲ್ಲಿದ್ದಾರೆ’ ಎನ್ನುತ್ತಾರೆ. ಮೂಲೆಯವರು ಬಾಗಿಲು ತೋರಿಸುತ್ತಾರೆ. ಡಿಎನ್‌ಎಸ್ ಇದೇ ಥರ. ನಿಮ್ಮ ಓದುಗರ ಪರವಾಗಿ ಒಂದು ರಿಸಾಲ್ವರ್ ಓಡಾಡುತ್ತದೆ. ಅದು ಮೊದಲು ರೂಟ್ ಸರ್ವರ್ ಅನ್ನು ಕೇಳುತ್ತದೆ. ರೂಟ್, ಡಾಟ್ ಇನ್ ನೋಡಿಕೊಳ್ಳುವ ಸರ್ವರ್‌ಗಳ ಕಡೆ ಕೈ ತೋರಿಸುತ್ತದೆ. ಡಾಟ್ ಇನ್ ಹೊಣೆ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. ಅಲ್ಲಿಂದ ‘ಈ ಡೊಮೇನ್‌ಗೆ ಇವರು ನೇಮ್‌ಸರ್ವರ್’ ಎಂಬ ಉತ್ತರ ಬರುತ್ತದೆ. ಆ ನೇಮ್‌ಸರ್ವರ್ ಕೊನೆಗೆ ಐಪಿ ಹೇಳುತ್ತದೆ.

ರಿಸಾಲ್ವರ್ ಪ್ರತಿ ಸಲ ಇಷ್ಟು ಸುತ್ತುವುದಿಲ್ಲ. ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂದು ಆ ಉತ್ತರದಲ್ಲೇ ಬರೆದಿರುತ್ತದೆ. ಅದೇ ಟಿಟಿಎಲ್, ಸೆಕೆಂಡುಗಳ ಲೆಕ್ಕ. ಬರುವ ಗೊಂದಲಗಳಲ್ಲಿ ಮುಕ್ಕಾಲು ಪಾಲು ಈ ಜೇಬಿನಿಂದಲೇ.

ಡಿಎನ್‌ಎಸ್ ಹುಟ್ಟಿದ್ದು 1983ರಲ್ಲಿ, ಪಾಲ್ ಮೊಕಪೆಟ್ರಿಸ್ ಅವರ ಕೈಯಲ್ಲಿ. ಅದಕ್ಕೂ ಮುಂಚೆ ನೆಟ್‌ವರ್ಕ್‌ನ ಎಲ್ಲ ಹೆಸರುಗಳೂ ಹೋಸ್ಟ್ಸ್ ಎಂಬ ಒಂದೇ ಫೈಲ್‌ನಲ್ಲಿ ಇರುತ್ತಿದ್ದವು, ಎಲ್ಲರೂ ಅದನ್ನು ಕಾಪಿ ಮಾಡಿಕೊಳ್ಳುತ್ತಿದ್ದರು. ಆ ಫೈಲ್ ಇವತ್ತಿಗೂ ನಿಮ್ಮ ಕಂಪ್ಯೂಟರಿನಲ್ಲಿ ಇದೆ. ಮುಂದೆ ಅದರಿಂದ ಒಂದು ಕೆಲಸ ಮಾಡಿಸಿಕೊಳ್ಳೋಣ.

ಹೆಜ್ಜೆ 1: ನಿಮಗೆ ನಿಜವಾಗಿ ಒಂದು ವಿಳಾಸ ಇದೆಯಾ?

ಬಾಡಿಗೆ ಸರ್ವರ್, ಅಂದರೆ ವಿಪಿಎಸ್ ತಗೊಂಡಿದ್ದರೆ ಈ ಹೆಜ್ಜೆ ಒಂದು ನಿಮಿಷದ್ದು. ಕೊಟ್ಟವರ ಪ್ಯಾನೆಲ್‌ನಲ್ಲಿ ಐಪಿ ಇರುತ್ತದೆ, ಬರೆದಿಟ್ಟುಕೊಳ್ಳಿ. ಕೆಲವು ಕ್ಲೌಡ್ ಕಂಪನಿಗಳಲ್ಲಿ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಐಪಿ ಬದಲಾಗುತ್ತದೆ. ಅಂಥ ಕಡೆ ಸ್ಟ್ಯಾಟಿಕ್ ಐಪಿಯನ್ನು ಬೇರೆಯಾಗಿ ಕೇಳಿ ಪಡೆದು ಆಮೇಲೆ ಮುಂದುವರಿಯಿರಿ.

ಮನೆಯ ಹಳೆ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಸೈಟ್ ಇಡುವವರು ಇಲ್ಲಿ ನಿಧಾನ ಮಾಡಬೇಕು. ರೌಟರ್ ಒಳಗೆ ಹೋಗಿ ‘ವ್ಯಾನ್ ಐಪಿ’, ಅಂದರೆ ಇಂಟರ್ನೆಟ್ ಕಡೆಯ ವಿಳಾಸ ಎಷ್ಟಿದೆ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿ ಬರುವ ಐಪಿವಿ4 ನಂಬರ್ ನೋಡಿ. ಎರಡೂ ಒಂದೇ ಆಗಿದ್ದರೆ ನೀವು ಪುಣ್ಯವಂತರು. ಬೇರೆ ಬೇರೆ ಆಗಿದ್ದರೆ, ಅದರಲ್ಲೂ ರೌಟರ್‌ನಲ್ಲಿರುವುದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಹೊರ ವಿಳಾಸವನ್ನು ನಿಮ್ಮಂಥ ಎಷ್ಟೋ ಮನೆಗಳಿಗೆ ಹಂಚಿದ್ದಾರೆ. ಅಪಾರ್ಟ್‌ಮೆಂಟಿನ ಗೇಟಿಗೆ ಕಾಗದ ಬಂದಿದೆ, ಫ್ಲಾಟ್ ನಂಬರ್ ಇಲ್ಲ ಎಂಬಂಥ ಪರಿಸ್ಥಿತಿ. ಡಿಎನ್‌ಎಸ್‌ನಲ್ಲಿ ಏನೇ ಬರೆದರೂ ಓದುಗರು ನಿಮ್ಮ ಬಾಗಿಲಿಗೆ ಬರುವುದಿಲ್ಲ. 10, 192.168, ಅಥವಾ 172.16ರಿಂದ 172.31ರವರೆಗೆ ಶುರುವಾಗುವ ನಂಬರ್ ಕಂಡರೂ ಅಷ್ಟೇ, ಅವು ಒಳಗಿನ ವಿಳಾಸಗಳು.

ಸಿಜಿನ್ಯಾಟ್ ಇದ್ದರೆ ದಾರಿಗಳು ಇವು. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ ಕೇಳಿ. ಕೆಲವರು ಹೆಚ್ಚಿಗೆ ಹಣ ತಗೊಂಡು ಕೊಡುತ್ತಾರೆ, ಕೆಲವರು ಮನೆ ಕನೆಕ್ಷನ್‌ಗೆ ಕೊಡುವುದೇ ಇಲ್ಲ. ಇಲ್ಲವೇ ಕ್ಲೌಡ್‌ಫ್ಲೇರ್ ಟನೆಲ್‌ನಂಥ ಸೇವೆ ಬಳಸಿ. ಅದರಲ್ಲಿ ನಿಮ್ಮ ಮನೆಯ ಯಂತ್ರವೇ ಹೊರಗೆ ಕನೆಕ್ಷನ್ ಮಾಡಿಕೊಂಡು ಕೂರುತ್ತದೆ, ಒಳಗೆ ಯಾವ ಬಾಗಿಲೂ ತೆರೆಯಬೇಕಿಲ್ಲ. ಮೂರನೆಯದು, ಒಂದು ಸಣ್ಣ ವಿಪಿಎಸ್. ನನ್ನನ್ನು ಕೇಳಿದರೆ ಮೊದಲ ಸಲ ಮಾಡುವವರಿಗೆ ವಿಪಿಎಸ್ ವಾಸಿ. ಕರೆಂಟ್ ಹೋದರೂ ಸೈಟ್ ಇರುತ್ತದೆ. ಮನೆ ಸರ್ವರ್‌ನ ಸುಖವೇ ಬೇರೆ, ನಿಜ. ಆದರೆ ಡಿಎನ್‌ಎಸ್ ಕಲಿಯುವ ದಿನವೇ ರೌಟರ್ ಜೊತೆಗೂ ಜಗಳ ಆಡಬೇಕಾ?

ಡೊಮೇನ್ ಕಡೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಬ್ರೌಸರ್‌ನಲ್ಲಿ ಬರೀ ಐಪಿ ಹೊಡೆಯಿರಿ. ನಿಮ್ಮ ವೆಬ್ ಸರ್ವರ್‌ನ ಯಾವುದಾದರೂ ಪುಟ ಕಾಣಬೇಕು. ಕಾಣದಿದ್ದರೆ ಅದು ಡಿಎನ್‌ಎಸ್ ಸಮಸ್ಯೆ ಅಲ್ಲ. ಸರ್ವರ್ ಓಡುತ್ತಿಲ್ಲ, ಇಲ್ಲವೇ ಫೈರ್‌ವಾಲ್‌ನಲ್ಲಿ ವೆಬ್‌ಸೈಟ್‌ಗಳು ಬಳಸುವ 80 ಮತ್ತು 443ನೇ ಪೋರ್ಟ್ ಮುಚ್ಚಿವೆ. ಕ್ಲೌಡ್‌ನಲ್ಲಿ ಸರ್ವರ್ ಒಳಗೊಂದು ಫೈರ್‌ವಾಲ್, ಕಂಪನಿಯ ಪ್ಯಾನೆಲ್‌ನಲ್ಲಿ ಇನ್ನೊಂದು ಇರುತ್ತದೆ. ಎರಡನ್ನೂ ನೋಡಿ. ಮನೆಯಲ್ಲಾದರೆ ರೌಟರ್‌ನಲ್ಲಿ ಈ ಎರಡು ಪೋರ್ಟ್‌ಗಳನ್ನು ಸರ್ವರ್ ಇರುವ ಯಂತ್ರಕ್ಕೆ ಫಾರ್ವರ್ಡ್ ಮಾಡಬೇಕು. ಆ ಯಂತ್ರದ ಒಳಗಿನ ಐಪಿ ಬದಲಾಗದಂತೆ ರೌಟರ್‌ನಲ್ಲೇ ಕಾಯ್ದಿರಿಸಬೇಕು. ಇವೆರಡು ಪೋರ್ಟ್ ಬಿಟ್ಟು ಬೇರೇನನ್ನೂ ಹೊರಗೆ ತೆರೆಯಬೇಡಿ. ರೌಟರ್‌ನ ಅಡ್ಮಿನ್ ಪುಟವನ್ನಂತೂ ಖಂಡಿತ ಬೇಡ.

ಹೆಜ್ಜೆ 2: ರೆಕಾರ್ಡ್ ಬರೆಯಬೇಕಾದ ಪುಸ್ತಕ ಯಾರ ಹತ್ತಿರ ಇದೆ?

ಇಲ್ಲಿ ಮೂವರು ಇದ್ದಾರೆ. ಹೆಸರು ಮಾರಿದವರು ರಿಜಿಸ್ಟ್ರಾರ್. ರೆಕಾರ್ಡ್‌ಗಳನ್ನು ಇಟ್ಟುಕೊಂಡು ಉತ್ತರ ಹೇಳುವವರು ಡಿಎನ್‌ಎಸ್ ಹೋಸ್ಟ್, ಅಂದರೆ ನೇಮ್‌ಸರ್ವರ್‌ನವರು. ಸೈಟ್ ಓಡುವ ಯಂತ್ರ ಮೂರನೆಯದು. ಹಲವು ಸಲ ಮೊದಲ ಇಬ್ಬರು ಒಬ್ಬರೇ ಆಗಿರುತ್ತಾರೆ. ಅದಕ್ಕೇ ಬೇರೆ ಬೇರೆ ಆದಾಗ ತಲೆ ಕೆಡುತ್ತದೆ. ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ಕೂತು ರೆಕಾರ್ಡ್ ಮೇಲೆ ರೆಕಾರ್ಡ್ ಬರೆಯುತ್ತೀರಿ, ಆದರೆ ನೇಮ್‌ಸರ್ವರ್ ಬೇರೆಯವರ ಕಡೆ ಇರುತ್ತದೆ. ಪ್ಯಾನೆಲ್ ‘ಸೇವ್ ಆಯಿತು’ ಎನ್ನುತ್ತದೆ, ಯಾರೂ ಅದನ್ನು ಓದುವುದಿಲ್ಲ.

ಊಹೆ ಬೇಡ, ಕೇಳಿ:

ಡಿಗ್ ಉದಾಹರಣೆ.ಇನ್ ಎನ್‌ಎಸ್

ಡಿಗ್ ಎಂಬ ಈ ಕಮಾಂಡ್ ಮ್ಯಾಕ್‌ನಲ್ಲಿ ಮೊದಲೇ ಇದೆ. ಉಬುಂಟುನಲ್ಲಿ ಇಲ್ಲದಿದ್ದರೆ ಬೈಂಡ್9-ಡಿಎನ್‌ಎಸ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಎನ್‌ಎಸ್‌ಲುಕಪ್ ಇದೆ, ಅದೂ ಸಾಕು. ಉತ್ತರದಲ್ಲಿ ಎರಡು ಅಥವಾ ಹೆಚ್ಚು ನೇಮ್‌ಸರ್ವರ್ ಹೆಸರು ಬರುತ್ತವೆ. ಅವು ಯಾರದ್ದೋ ಅವರ ಪ್ಯಾನೆಲ್‌ನಲ್ಲೇ ನಿಮ್ಮ ಕೆಲಸ.

ನೇಮ್‌ಸರ್ವರ್ ಬದಲಾಯಿಸಲೇಬೇಕು ಅಂತೇನಿಲ್ಲ. ರಿಜಿಸ್ಟ್ರಾರ್ ಕೊಟ್ಟಿದ್ದೇ ಚೆನ್ನಾಗಿ ನಡೆಯುತ್ತಿದ್ದರೆ ಇರಲಿ ಬಿಡಿ. ಬದಲಾಯಿಸುವುದಾದರೆ ಎರಡು ಎಚ್ಚರಿಕೆ. ಒಂದು: ಹಳೆ ಕಡೆ ಇರುವ ಎಲ್ಲ ರೆಕಾರ್ಡ್‌ಗಳನ್ನೂ ಹೊಸ ಕಡೆ ಮೊದಲೇ ಬರೆದಿಡಿ, ಅದರಲ್ಲೂ ಇಮೇಲ್‌ಗೆ ಸೇರಿದ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ರೆಕಾರ್ಡ್‌ಗಳನ್ನು. ಸೈಟ್ ಹೋದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಮೇಲ್ ಬರುವುದು ನಿಂತರೆ ಹೇಳುವವರೂ ಇರುವುದಿಲ್ಲ, ಅವರು ಕಳಿಸಿದ ಮೇಲ್ ಕೂಡ ಬಂದಿರುವುದಿಲ್ಲ. ಎರಡು: ಡಿಎನ್‌ಎಸ್‌ಸೆಕ್, ಅಂದರೆ ಉತ್ತರ ಅಸಲಿಯೇ ಎಂದು ಸಹಿ ನೋಡಿ ಪರೀಕ್ಷಿಸುವ ವ್ಯವಸ್ಥೆ, ಆನ್ ಇದ್ದರೆ ಆ ಸಹಿಯ ಗುರುತಾಗಿ ರಿಜಿಸ್ಟ್ರಾರ್ ಕಡೆ ಇರುವ ಡಿಎಸ್ ರೆಕಾರ್ಡ್ ಮೊದಲು ತೆಗೆಯಿರಿ, ಅದರ ಟಿಟಿಎಲ್ ಮುಗಿಯುವವರೆಗೆ ಬಿಡಿ, ಆಮೇಲೆ ನೇಮ್‌ಸರ್ವರ್ ಬದಲಾಯಿಸಿ. ಹಾಗೆ ಮಾಡದಿದ್ದರೆ ಹಳೆ ಬೀಗಕ್ಕೆ ಹೊಸ ಕೀಲಿ ಹಾಕಿದಂತೆ. ಡಿಎನ್‌ಎಸ್‌ಸೆಕ್ ಪರೀಕ್ಷಿಸುವ ರಿಸಾಲ್ವರ್‌ಗಳು ಸರ್ವ್‌ಫೇಲ್ ಎಂದು ಬಾಗಿಲು ಹಾಕಿಕೊಳ್ಳುತ್ತವೆ.

ಇನ್ನೊಂದು ಸಣ್ಣ ವಿಷಯ. ಡೊಮೇನ್ ಕೊಂಡ ಮೇಲೆ ಇಮೇಲ್ ದೃಢಪಡಿಸಿ ಎಂದು ಒಂದು ಲಿಂಕ್ ಬರುತ್ತದೆ. ಜಾಹೀರಾತು ಅಂದುಕೊಂಡು ಅಳಿಸಬೇಡಿ. ಡಾಟ್ ಕಾಮ್‌ನಂಥ ಡೊಮೇನ್‌ಗಳಲ್ಲಿ 15 ದಿನದಲ್ಲಿ ಒತ್ತದಿದ್ದರೆ ಹೆಸರನ್ನೇ ತಡೆಹಿಡಿಯುತ್ತಾರೆ.

ಹೆಜ್ಜೆ 3: ಮೊದಲು ಗುಡಿಸಿ, ಆಮೇಲೆ ಬರೆಯಿರಿ

ಪ್ಯಾನೆಲ್ ತೆರೆದ ತಕ್ಷಣ ಹೊಸದು ಸೇರಿಸಲು ಹೋಗಬೇಡಿ. ಮೊದಲೇ ಏನೇನಿದೆ ನೋಡಿ. ಪಾರ್ಕಿಂಗ್ ಪುಟಕ್ಕೆ, ಅಂದರೆ ಆ ಜಾಹೀರಾತಿನಂಥ ಪುಟಕ್ಕೆ ಹೋಗುವ ಎ ರೆಕಾರ್ಡ್ (ಹೆಸರನ್ನು ಐಪಿವಿ4 ವಿಳಾಸಕ್ಕೆ ಕಟ್ಟುವ ಸಾಲು), ನನ್ನನ್ನು ಮೂರು ದಿನ ಕಾಡಿದ ಎಎಎಎ ರೆಕಾರ್ಡ್, ‘ಫಾರ್ವರ್ಡಿಂಗ್’ ಎಂಬ ಹೆಸರಿನ ಏನೋ ಒಂದು. ಸೈಟ್‌ಗೆ ಸೇರಿದ ಇವುಗಳನ್ನೆಲ್ಲ ಅಳಿಸಿ. ನೇಮ್‌ಸರ್ವರ್ ಹೇಳುವ ಎನ್‌ಎಸ್, ಡೊಮೇನ್‌ನ ಆಡಳಿತ ವಿವರ ಇರುವ ಎಸ್‌ಒಎ, ಇಮೇಲ್‌ನ ಎಂಎಕ್ಸ್ ಇವುಗಳನ್ನು ಮುಟ್ಟಬೇಡಿ. ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ಇರಲಿ. ಒಂದೇ ಹೆಸರಿಗೆ ಎರಡು ಎ ರೆಕಾರ್ಡ್ ಉಳಿದರೆ ಓದುಗರು ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ ಹೋಗುತ್ತಾರೆ. ‘ಒಂದೊಂದು ಸಲ ತೆರೆಯುತ್ತದೆ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಈಗ ಬರೆಯಬೇಕಾದ್ದು ಎರಡೇ ಸಾಲು.

ಮೊದಲನೆಯದು ಎ ರೆಕಾರ್ಡ್. ಹೆಸರಿನ ಜಾಗದಲ್ಲಿ @ ಗುರುತು, ಮೌಲ್ಯದಲ್ಲಿ 203.0.113.25, ಟಿಟಿಎಲ್ 300. ಈ @ ಎಂದರೆ ‘ಡೊಮೇನೇ’ ಎಂದು ಅರ್ಥ. ಕೆಲವು ಪ್ಯಾನೆಲ್‌ಗಳಲ್ಲಿ ಆ ಜಾಗವನ್ನು ಖಾಲಿ ಬಿಡಬೇಕು.

ಎರಡನೆಯದು ಮೂರು ಡಬ್ಲ್ಯುಗೆ. ಸಿನೇಮ್ ರೆಕಾರ್ಡ್, ಹೆಸರಿನ ಜಾಗದಲ್ಲಿ ಬರೀ ಮೂರು ಡಬ್ಲ್ಯು, ಮೌಲ್ಯದಲ್ಲಿ ಉದಾಹರಣೆ.ಇನ್. ಸಿನೇಮ್ ಎಂದರೆ ‘ನನ್ನನ್ನು ಕೇಳಬೇಡಿ, ಅವರನ್ನು ಕೇಳಿ’ ಎಂದಂತೆ. ನಾಳೆ ಐಪಿ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಇಲ್ಲಿ ಜನ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಬರೆದರೆ ಎಷ್ಟೋ ಪ್ಯಾನೆಲ್‌ಗಳು ಅದರ ಬಾಲಕ್ಕೆ ಮತ್ತೊಮ್ಮೆ ಡೊಮೇನ್ ಅಂಟಿಸುತ್ತವೆ. ಉದಾಹರಣೆ.ಇನ್.ಉದಾಹರಣೆ.ಇನ್ ಎಂಬ, ಯಾರೂ ಕೇಳದ ಹೆಸರು ಹುಟ್ಟುತ್ತದೆ. ನಿಮ್ಮದೇ ನೇಮ್‌ಸರ್ವರ್ ಇಟ್ಟುಕೊಂಡು ರೆಕಾರ್ಡ್‌ಗಳ ಝೋನ್ ಫೈಲ್ ಬರೆಯುವವರಿಗೆ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. ಪೂರ್ತಿ ಹೆಸರಿನ ಕೊನೆಗೆ ಚುಕ್ಕಿ ಇಡಲು ಮರೆತರೆ ಆಯಿತು, ಹೆಸರು ಎರಡಾಗುತ್ತದೆ.

ಇನ್ನು ಡೊಮೇನ್‌ನ ಮೂಲ ಹೆಸರಿಗೇ ಸಿನೇಮ್ ಹಾಕುವಂತಿಲ್ಲ. ಸಿನೇಮ್ ಇದ್ದ ಕಡೆ ಬೇರೆ ರೆಕಾರ್ಡ್ ಇರಬಾರದು ಎಂಬುದು ನಿಯಮ. ಮೂಲ ಹೆಸರಿನಲ್ಲಿ ಎನ್‌ಎಸ್ ಮತ್ತು ಎಸ್‌ಒಎ ಇರಲೇಬೇಕು. ಹಾಗಾಗಿ ಎರಡೂ ಒಟ್ಟಿಗೆ ಬಾಳುವುದಿಲ್ಲ. ‘ಎಲಿಯಾಸ್’, ‘ಸಿನೇಮ್ ಫ್ಲಾಟನಿಂಗ್’ ಎಂದು ಕೆಲವರು ಕೊಡುವುದು ಈ ನಿಯಮದ ಪಕ್ಕದಲ್ಲಿ ಮಾಡಿಕೊಂಡ ಕಾಲುದಾರಿ. ಕೆಲಸ ಮಾಡುತ್ತದೆ. ಟನೆಲ್ ಬಳಸುವವರಿಗೆ ಅದು ಬೇಕಾಗುತ್ತದೆ.

ಎಎಎಎ ರೆಕಾರ್ಡ್ ವಿಷಯ: ಸರ್ವರ್‌ಗೆ ಐಪಿವಿ6 ಇದ್ದು, ಅದರ ಮೇಲೆ ಸೈಟ್ ತೆರೆಯುತ್ತದೆ ಎಂದು ನೋಡಿದ ಮೇಲೆ ಮಾತ್ರ ಸೇರಿಸಿ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಬಳಕೆ ತುಂಬಾ ಜಾಸ್ತಿ. ತಪ್ಪು ಎಎಎಎ ಇದ್ದರೆ ಕಚೇರಿಯ ಕಂಪ್ಯೂಟರಿನಲ್ಲಿ ಸರಿ ಕಾಣುವ ಸೈಟ್ ಬಸ್ಸಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಮನೆ ಸರ್ವರ್‌ನವರು ಒಂದನ್ನು ನೆನಪಿಡಿ. ಐಪಿವಿ4ನಲ್ಲಿ ರೌಟರ್‌ನ ವಿಳಾಸ ಬರೆಯುತ್ತೀರಿ, ಐಪಿವಿ6ನಲ್ಲಿ ಸರ್ವರ್ ಯಂತ್ರದ್ದೇ ವಿಳಾಸ ಬರೆಯಬೇಕು, ರೌಟರ್ ಫೈರ್‌ವಾಲ್‌ನಲ್ಲಿ ಅದಕ್ಕೆ ದಾರಿ ಬಿಡಬೇಕು.

ಹೆಜ್ಜೆ 4: ಕೇಳುವ ಕ್ರಮ

ಸೇವ್ ಮಾಡಿದಿರಿ. ಈಗ ಬ್ರೌಸರ್ ಮುಟ್ಟಬೇಡಿ. ನಿಜವಾಗಿ ಹೇಳುತ್ತಿದ್ದೇನೆ, ಮುಟ್ಟಬೇಡಿ. ಮೊದಲು ನಿಮ್ಮ ನೇಮ್‌ಸರ್ವರ್ ಅನ್ನೇ ನೇರವಾಗಿ ಕೇಳಿ. ಹೆಜ್ಜೆ 2ರಲ್ಲಿ ಸಿಕ್ಕ ಹೆಸರನ್ನು @ ಮುಂದೆ ಹಾಕಿ:

ಡಿಗ್ @ನೇಮ್‌ಸರ್ವರ್‌ನ-ಹೆಸರು ಉದಾಹರಣೆ.ಇನ್ ಎ

ಇದು ಮನೆಯ ಯಜಮಾನರನ್ನೇ ಕೇಳಿದಂತೆ, ನಡುವೆ ಯಾರ ಜೇಬೂ ಇಲ್ಲ. ಇಲ್ಲಿ 203.0.113.25 ಬರದಿದ್ದರೆ ಎಷ್ಟು ಕಾದರೂ ಬೇರೆಲ್ಲೂ ಬರುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ಮತ್ತೆ ಕೇಳಿ. ಆಗಲೂ ಇಲ್ಲ ಎಂದರೆ ಪ್ಯಾನೆಲ್‌ಗೆ ವಾಪಸ್ ಹೋಗಿ, ತಪ್ಪು ಅಲ್ಲೇ ಇದೆ. ಇದಾದ ಮೇಲೆ ಕೊನೆಯ ‘ಎ’ ಬದಲು ‘ಎಎಎಎ’ ಹಾಕಿ ಕೇಳಿ. ನೀವು ಬರೆಯದ ಉತ್ತರ ಬಂದರೆ ನನ್ನ ಕಥೆ ನೆನಪಿಸಿಕೊಳ್ಳಿ.

ಯಜಮಾನರು ಸರಿ ಹೇಳಿದ ಮೇಲೆ ಊರಿನವರನ್ನು ಕೇಳಿ. ಗೂಗಲ್‌ನ ರಿಸಾಲ್ವರ್ 8.8.8.8, ಕ್ಲೌಡ್‌ಫ್ಲೇರ್‌ನದು 1.1.1.1:

ಡಿಗ್ @8.8.8.8 ಉದಾಹರಣೆ.ಇನ್ ಎ

ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕ ಒಂದು ಸಂಖ್ಯೆ ಇರುತ್ತದೆ. ಅದೇ ಟಿಟಿಎಲ್, ಇನ್ನು ಎಷ್ಟು ಸೆಕೆಂಡು ಈ ಉತ್ತರ ಜೇಬಿನಲ್ಲಿ ಇರುತ್ತದೆ ಎಂಬ ಲೆಕ್ಕ. ಮತ್ತೆ ಮತ್ತೆ ಕೇಳಿದರೆ ಅದು ಇಳಿಯುತ್ತಾ ಹೋಗುವುದು ಕಾಣುತ್ತದೆ. ಹಳೆ ಐಪಿ ಬಂದು ಪಕ್ಕದಲ್ಲಿ 2140 ಎಂದಿದ್ದರೆ ಸುಮಾರು 36 ನಿಮಿಷ ಬಾಕಿ ಇದೆ ಅಂತ ಅರ್ಥ. ಎಷ್ಟು ಕಾಯಬೇಕು ಎಂದು ಡಿಎನ್‌ಎಸ್ ತಾನೇ ಹೇಳುತ್ತದೆ, ಅಲ್ವಾ? ಅಷ್ಟೂ ಹೊತ್ತು ಕಾಯಲಾಗದಿದ್ದರೆ ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಎರಡೂ ತಮ್ಮ ರಿಸಾಲ್ವರ್‌ನಲ್ಲಿ ಒಂದು ಹೆಸರಿನ ಹಳೆ ಉತ್ತರ ಅಳಿಸುವ ಪುಟ ಇಟ್ಟಿವೆ.

ಪ್ರೊಪಗೇಷನ್ ಎಂಬ ಮಾತು ನನಗೆ ಹಿಡಿಸುವುದಿಲ್ಲ. ನಿಮ್ಮ ಹೊಸ ರೆಕಾರ್ಡ್ ಅಲೆಯಂತೆ ಜಗತ್ತಿಗೆಲ್ಲ ಹರಡುವುದಿಲ್ಲ. ಯಾರೂ ಅದನ್ನು ಎಲ್ಲಿಗೂ ಕಳಿಸುವುದಿಲ್ಲ. ಅಲ್ಲಲ್ಲಿ ಇಟ್ಟುಕೊಂಡ ಹಳೆ ಉತ್ತರಗಳ ಅವಧಿ ಮುಗಿಯುತ್ತದೆ, ಆಗ ಮತ್ತೆ ಕೇಳಲು ಬರುತ್ತಾರೆ, ಅಷ್ಟೇ. ಹಾಗಾದರೆ ಆ 48 ಗಂಟೆ ಎಲ್ಲಿಂದ ಬಂತು? ಡಾಟ್ ಕಾಮ್ ಸರ್ವರ್‌ಗಳು ‘ಈ ಡೊಮೇನ್‌ಗೆ ಇವರು ನೇಮ್‌ಸರ್ವರ್’ ಎಂದು ಹೇಳುವ ಉತ್ತರಕ್ಕೆ 172800 ಸೆಕೆಂಡುಗಳ ಟಿಟಿಎಲ್ ಇದೆ. ಭಾಗಿಸಿ ನೋಡಿ, ಸರಿಯಾಗಿ 48 ಗಂಟೆ. ಅದು ನೇಮ್‌ಸರ್ವರ್ ಬದಲಾಯಿಸುವವರ ಲೆಕ್ಕ. ಬರೀ ಎ ರೆಕಾರ್ಡ್ ಬದಲಾಯಿಸಿ, ಟಿಟಿಎಲ್ 300 ಇಟ್ಟವರಿಗೆ ಆ ಲೆಕ್ಕ ಸೇರಿದ್ದಲ್ಲ.

ಬ್ರೌಸರ್ ಮುಟ್ಟಬೇಡಿ ಎಂದಿದ್ದಕ್ಕೆ ಕಾರಣ ಇದೆ. ‘ಇಂಥ ಹೆಸರಿಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್‌ಗಳು ಜೇಬಿನಲ್ಲಿ ಇಟ್ಟುಕೊಳ್ಳುತ್ತವೆ. ಮೂರು ಡಬ್ಲ್ಯು ರೆಕಾರ್ಡ್ ಬರೆಯುವ ಮುಂಚೆಯೇ ಅವಸರದಲ್ಲಿ ಬ್ರೌಸರ್‌ನಲ್ಲಿ ಹೊಡೆದು ನೋಡಿದರೆ ಆ ‘ಇಲ್ಲ’ ನಿಮ್ಮ ರಿಸಾಲ್ವರ್‌ನಲ್ಲಿ ಕೂರುತ್ತದೆ. ಎಷ್ಟು ಹೊತ್ತು ಎಂಬುದನ್ನು ಎಸ್‌ಒಎ ರೆಕಾರ್ಡ್‌ನ ಕೊನೆಯ ಸಂಖ್ಯೆ ಹೇಳುತ್ತದೆ. ಅದು 3600 ಇದ್ದರೆ ಒಂದು ಗಂಟೆ ಗೋತಾ. ಊರಿಗೆಲ್ಲ ಕಾಣುವ ಸೈಟ್ ಮಾಡಿದವರಿಗೇ ಕಾಣುವುದಿಲ್ಲ.

ಉತ್ತರದಲ್ಲಿ ಬರುವ ಸ್ಟೇಟಸ್ ಕೂಡ ಓದಿ. ನೋಎರರ್ ಬಂದು ಕೆಳಗೆ ಐಪಿ ಇದ್ದರೆ ಎಲ್ಲ ಸರಿ. ನೋಎರರ್ ಬಂದು ಕೆಳಗೆ ಏನೂ ಇಲ್ಲದಿದ್ದರೆ ಹೆಸರು ಇದೆ, ಆ ಬಗೆಯ ರೆಕಾರ್ಡ್ ಇಲ್ಲ. ಎನ್‌ಎಕ್ಸ್‌ಡೊಮೈನ್ ಎಂದರೆ ಹೆಸರೇ ಇಲ್ಲ, ಕಾಗುಣಿತ ನೋಡಿ. ಸರ್ವ್‌ಫೇಲ್ ಬಂದರೆ ಮೊದಲು ಡಿಎನ್‌ಎಸ್‌ಸೆಕ್ ಮೇಲೆ ಅನುಮಾನ ಪಡಿ. ರೆಫ್ಯೂಸ್ಡ್ ಎಂದರೆ ನೀವು ಕೇಳಿದ ನೇಮ್‌ಸರ್ವರ್‌ಗೆ ನಿಮ್ಮ ಡೊಮೇನ್ ಪರಿಚಯವೇ ಇಲ್ಲ. ಡಿಎನ್‌ಎಸ್ ಹೋಸ್ಟ್ ಕಡೆ ಡೊಮೇನ್ ಸೇರಿಸುವುದನ್ನೇ ಮರೆತಿರುತ್ತೀರಿ.

ಮುಂದೊಂದು ದಿನ ಸರ್ವರ್ ಬದಲಾಯಿಸುವಾಗ ಈ ಟಿಟಿಎಲ್ ಜ್ಞಾನ ಕೈಹಿಡಿಯುತ್ತದೆ. ಹಿಂದಿನ ದಿನವೇ ಟಿಟಿಎಲ್ 300ಕ್ಕೆ ಇಳಿಸಿ. ಮರುದಿನ ಐಪಿ ಬದಲಾಯಿಸಿ. ಹಳೆ ಸರ್ವರ್ ಅನ್ನು ಇನ್ನೂ ಎರಡು ದಿನ ಓಡಲು ಬಿಡಿ, ಯಾಕೆಂದರೆ ಟಿಟಿಎಲ್ ಮಾತು ಕೇಳದ ರಿಸಾಲ್ವರ್‌ಗಳೂ ಇವೆ. ಎಲ್ಲ ನೆಲೆ ನಿಂತ ಮೇಲೆ 3600ಕ್ಕೆ ಏರಿಸಬಹುದು.

ಹೆಜ್ಜೆ 5: ಬಾಗಿಲಿಗೆ ಬಂದವರಿಗೆ ಸರಿಯಾದ ಪುಟ ತೋರಿಸುವುದು

ಡಿಎನ್‌ಎಸ್ ಕೆಲಸ ಐಪಿ ಹೇಳುವಲ್ಲಿಗೆ ಮುಗಿಯಿತು. ಬ್ರೌಸರ್ ಆ ಐಪಿಗೆ ಬಂದು ‘ನನಗೆ ಉದಾಹರಣೆ.ಇನ್ ಬೇಕು’ ಎಂದು ಹೆಸರು ಹೇಳುತ್ತದೆ. ವೆಬ್ ಸರ್ವರ್‌ಗೆ ಆ ಹೆಸರು ಗೊತ್ತಿರಬೇಕು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಸರ್ವರ್_ನೇಮ್ ಸಾಲಿನಲ್ಲಿ ಎರಡೂ ಹೆಸರು ಬರೆಯಿರಿ, ಮೂರು ಡಬ್ಲ್ಯು ಇರುವುದು ಮತ್ತು ಇಲ್ಲದಿರುವುದು. ಬರೆಯದಿದ್ದರೆ ಎಂಜಿನ್‌ಎಕ್ಸ್‌ನ ಸ್ವಾಗತ ಪುಟವೋ ಅದೇ ಯಂತ್ರದ ಬೇರೆ ಸೈಟೋ ಕಾಣುತ್ತದೆ. ಅದನ್ನು ನೋಡಿ ಡಿಎನ್‌ಎಸ್ ತಪ್ಪಿದೆ ಎಂದು ಪ್ಯಾನೆಲ್ ಕೆದಕುವವರನ್ನು ಕಂಡಿದ್ದೇನೆ. ಸ್ವಾಗತ ಪುಟ ಕಂಡರೆ ಡಿಎನ್‌ಎಸ್ ಗೆದ್ದಿದೆ ಅಂತಲೇ ಅರ್ಥ.

ಡಿಎನ್‌ಎಸ್ ಬದಲಾಯಿಸುವ ಮುಂಚೆಯೇ ಇದನ್ನು ಪರೀಕ್ಷಿಸಬೇಕಾ? ಆಗ ಬರುತ್ತದೆ ಆ ಹಳೆ ಹೋಸ್ಟ್ಸ್ ಫೈಲ್. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ಇಟಿಸಿ ಫೋಲ್ಡರ್‌ನಲ್ಲಿದೆ. ‘203.0.113.25 ಉದಾಹರಣೆ.ಇನ್’ ಎಂದು ಒಂದು ಸಾಲು ಸೇರಿಸಿ. ನಿಮ್ಮ ಕಂಪ್ಯೂಟರ್ ಮಟ್ಟಿಗೆ ಆ ಹೆಸರು ಹೊಸ ಸರ್ವರ್‌ಗೆ ಹೋಗುತ್ತದೆ, ಜಗತ್ತಿಗೆ ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಆ ಸಾಲು ಅಳಿಸುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತು, ಆರು ತಿಂಗಳ ನಂತರ ಸರ್ವರ್ ಬದಲಾಯಿಸಿ, ನನಗೊಬ್ಬನಿಗೇ ಹಳೆ ಸೈಟ್ ಕಾಣುತ್ತಿದೆ ಎಂದು ಅರ್ಧ ದಿನ ಒದ್ದಾಡಿದ್ದೇನೆ. ಡಿಗ್ ಈ ಫೈಲ್ ನೋಡುವುದಿಲ್ಲ. ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ಅದರಿಂದಲೇ ಇನ್ನಷ್ಟು ತಲೆ ಕೆಟ್ಟಿತು.

ಹೆಜ್ಜೆ 6: ಬೀಗದ ಗುರುತು

ಎಚ್‌ಟಿಟಿಪಿಎಸ್ ಇಲ್ಲದ ಸೈಟ್ ಅನ್ನು ಬ್ರೌಸರ್‌ಗಳು ‘ಸುರಕ್ಷಿತವಲ್ಲ’ ಎನ್ನುತ್ತವೆ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಅನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಉಚಿತವಾಗಿ ಕೊಡುತ್ತದೆ. ಎಂಜಿನ್‌ಎಕ್ಸ್ ಇದ್ದರೆ ಅದನ್ನು ತರುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಂ ಓಡಿಸಿ. ಹೊಸದಾಗಿ ಶುರು ಮಾಡುವವರು ಕ್ಯಾಡಿ ಎಂಬ ವೆಬ್ ಸರ್ವರ್ ನೋಡಿ, ಡೊಮೇನ್ ಹೆಸರು ಬರೆದರೆ ಸರ್ಟಿಫಿಕೇಟ್ ತಾನೇ ತಂದುಕೊಳ್ಳುತ್ತದೆ.

ಈ ಹೆಜ್ಜೆಯನ್ನು ಡಿಎನ್‌ಎಸ್ ಸರಿಯಾದ ಮೇಲೆ ಮಾತ್ರ ಇಡಿ. ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮ ಹೆಸರಿನ ದಾರಿ ಹಿಡಿದು 80ನೇ ಪೋರ್ಟ್‌ಗೆ ಬಂದು, ಸರ್ವರ್ ನಿಮ್ಮದೇ ಎಂದು ನೋಡುತ್ತದೆ. 443 ತೆರೆದು 80 ಮುಚ್ಚಿದ್ದರೆ ಈ ಬಗೆಯ ಪರೀಕ್ಷೆ ಸೋಲುತ್ತದೆ. ಎಎಎಎ ರೆಕಾರ್ಡ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ದಾರಿಯನ್ನೇ ಹಿಡಿಯುತ್ತದೆ. ಹಳೆ ಎಎಎಎ ಇಲ್ಲೂ ಕೈ ಕೊಡುತ್ತದೆ ನೋಡಿ. ಒಂದೇ ಹೆಸರಿಗೆ ಗಂಟೆಗೆ 5 ಸಲ ಸೋತರೆ ಸ್ವಲ್ಪ ಹೊತ್ತು ತಡೆಯುತ್ತಾರೆ. ಆದ್ದರಿಂದ ಸೋತಾಗ ಮತ್ತೆ ಮತ್ತೆ ಒತ್ತುವ ಬದಲು ಸ್ಟೇಜಿಂಗ್ ಎಂಬ ಪರೀಕ್ಷಾ ಆಯ್ಕೆ ಹಾಕಿ ನೋಡಿ.

80ನೇ ಪೋರ್ಟ್ ತೆರೆಯಲು ಆಗದ ಮನೆ ಕನೆಕ್ಷನ್ ಇದ್ದರೆ ಡಿಎನ್‌ಎಸ್ ಮೂಲಕವೇ ಸಾಬೀತು ಮಾಡಬಹುದು. ಅವರು ಹೇಳುವ ಒಂದು ಟಿಎಕ್ಸ್‌ಟಿ ರೆಕಾರ್ಡ್ ಸೇರಿಸಿದರೆ ಆಯಿತು. ಸರ್ಟಿಫಿಕೇಟ್‌ಗಳ ಅವಧಿ ಸದ್ಯ 90 ದಿನ, ಮುಂದೆ ಇನ್ನೂ ಕಡಿಮೆ ಆಗಲಿದೆ. ಹಾಗಾಗಿ ನವೀಕರಣ ತಾನಾಗಿ ನಡೆಯುವಂತೆ ಇಟ್ಟುಕೊಳ್ಳಿ, ಕ್ಯಾಲೆಂಡರ್ ನಂಬಬೇಡಿ.

ಐಪಿ ಬದಲಾಗುತ್ತಿದ್ದರೆ

ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ರೌಟರ್ ಹೊಸ ಐಪಿ ಹಿಡಿದುಕೊಂಡು ಬರಬಹುದು. ಡಿಎನ್‌ಎಸ್‌ನಲ್ಲಿ ಹಳೆಯದೇ ಇರುತ್ತದೆ. ಇದಕ್ಕಿರುವ ಪರಿಹಾರವನ್ನು ಡೈನಾಮಿಕ್ ಡಿಎನ್‌ಎಸ್ ಎನ್ನುತ್ತಾರೆ. ಡಿಡಿಕ್ಲೈಂಟ್‌ನಂಥ ಸಣ್ಣ ಪ್ರೋಗ್ರಾಂ ಐದೈದು ನಿಮಿಷಕ್ಕೆ ಹೊರಗಿನ ಐಪಿ ನೋಡಿ, ಬದಲಾಗಿದ್ದರೆ ಡಿಎನ್‌ಎಸ್ ಹೋಸ್ಟ್‌ಗೆ ಹೇಳುತ್ತದೆ. ನಿಮ್ಮ ಹೋಸ್ಟ್‌ಗೆ ಆ ಸೌಲಭ್ಯ ಇಲ್ಲದಿದ್ದರೆ ಡಕ್‌ಡಿಎನ್‌ಎಸ್‌ನಲ್ಲಿ ಒಂದು ಉಚಿತ ಹೆಸರು ತಗೊಂಡು, ನಿಮ್ಮ ಮೂರು ಡಬ್ಲ್ಯುವನ್ನು ಸಿನೇಮ್ ಮೂಲಕ ಅದಕ್ಕೆ ಕಟ್ಟಿ. ಟಿಟಿಎಲ್ 300ಕ್ಕಿಂತ ಮೇಲೆ ಇಡಬೇಡಿ. ರೌಟರ್‌ಗೊಂದು ಪುಟ್ಟ ಯುಪಿಎಸ್ ಹಾಕಿದರೆ ಈ ತಾಪತ್ರಯ ಅರ್ಧ ತಗ್ಗುತ್ತದೆ.

ಕನ್ನಡದಲ್ಲೇ ಹೆಸರು ಬೇಕೆಂದರೆ

ಡಾಟ್ ಭಾರತ ಎಂಬ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆ. ಎಲ್ಲ ರಿಜಿಸ್ಟ್ರಾರ್‌ಗಳೂ ಮಾರುವುದಿಲ್ಲ, ಹುಡುಕಬೇಕು. ಮೇಲಿನ ಹೆಜ್ಜೆಗಳೆಲ್ಲ ಅದಕ್ಕೂ ಹಾಗೇ ಹೊಂದುತ್ತವೆ. ಒಂದೇ ವ್ಯತ್ಯಾಸ, ಡಿಎನ್‌ಎಸ್‌ಗೆ ಕನ್ನಡ ಅಕ್ಷರ ನೇರವಾಗಿ ಹೋಗುವುದಿಲ್ಲ. ಬ್ರೌಸರ್ ಆ ಹೆಸರನ್ನು ಪ್ಯೂನಿಕೋಡ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಅದು ಎಕ್ಸ್, ಎನ್, ಎರಡು ಅಡ್ಡಗೆರೆ ಹೀಗೆ ಶುರುವಾಗುವ, ಓದಲು ಬಾರದ ಅಕ್ಷರಗಳ ಸಾಲು. ಎಂಜಿನ್‌ಎಕ್ಸ್‌ನ ಸರ್ವರ್_ನೇಮ್‌ನಲ್ಲಿ ಆ ರೂಪವನ್ನೇ ಬರೆಯಬೇಕು, ಕನ್ನಡದಲ್ಲಿ ಬರೆದರೆ ಸ್ವಾಗತ ಪುಟವೇ ಗತಿ.

ಹೆಸರು ಆರಿಸುವಾಗಲೂ ಒಂದು ಕಿವಿಮಾತು. ‘ಲ್ಯಾಪ್‌ಟಾಪ್’ ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅಂಥದ್ದು ಬೇಕಾಗುವ ಹೆಸರು ಬೇಡ. ಓದುಗರ ಕೀಬೋರ್ಡ್ ಅದನ್ನು ಹಾಕಬಹುದು, ಬಿಡಬಹುದು. ನಿಮ್ಮ ಸೈಟ್ ಸಿಗುತ್ತದೋ ಇಲ್ಲವೋ ಅದರ ಮೇಲೆ ನಿಲ್ಲುತ್ತದೆ. ‘ಅಡಿಗೆಮನೆ’, ‘ತೆಂಗಿನತೋಟ’ ಥರದ ನೇರ ಹೆಸರುಗಳಿಗೆ ಈ ಕಾಟ ಇಲ್ಲ.

ಕೊನೆಗೂ ತೆರೆಯದಿದ್ದರೆ

ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ, ಮನೆಯ ವೈಫೈನಲ್ಲಿ ಮಾತ್ರ ಇಲ್ಲವೇ? ಸರ್ವರ್ ಕೂಡ ಅದೇ ಮನೆಯಲ್ಲಿದ್ದರೆ ಡಿಎನ್‌ಎಸ್ ತಪ್ಪಿಲ್ಲ. ಹೊರಗೆ ಹೋದ ಮಾತನ್ನು ಅದೇ ಬಾಗಿಲಿನಿಂದ ಒಳಗೆ ತಿರುಗಿಸಲು ಕೆಲವು ರೌಟರ್‌ಗಳಿಗೆ ಬರುವುದಿಲ್ಲ. ರೌಟರ್‌ನಲ್ಲಿ ‘ನ್ಯಾಟ್ ಲೂಪ್‌ಬ್ಯಾಕ್’ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಮನೆಯ ಕಂಪ್ಯೂಟರಿನ ಹೋಸ್ಟ್ಸ್ ಫೈಲ್‌ನಲ್ಲಿ ಸರ್ವರ್‌ನ ಒಳ ವಿಳಾಸ ಬರೆಯಿರಿ. ಈ ಸಲ ಆ ಸಾಲು ಅಲ್ಲೇ ಇರಲಿ, ಆದರೆ ಯಾವ ದಿನ, ಯಾಕೆ ಬರೆದಿರಿ ಎಂದು ಪಕ್ಕದಲ್ಲೇ ಒಂದು ಟಿಪ್ಪಣಿ ಹಾಕಿಡಿ.